ವಲಸೆ ಹೋದವರ ನೆನಪಿನ ಮನೆ



ಮೂವತ್ತನಾಲ್ಕು ವರ್ಷ ಪ್ರೌಢಶಾಲೆಯಲ್ಲಿ ಇತಿಹಾಸವನ್ನೂ ಇಂಗ್ಲಿಷನ್ನೂ ಬೋಧಿಸಿದ ನನಗೆ ಕೆಂಪು ಶಾಯಿಯ ಅಭ್ಯಾಸ ನಿವೃತ್ತಿಯ ನಂತರವೂ ಬಿಟ್ಟಿಲ್ಲ. ಕಳೆದ ಬೇಸಿಗೆಯಲ್ಲಿ ಹೊರದೇಶದಿಂದ ಬಂದಿದ್ದ ಎಂಟು ವರ್ಷದ ಮೊಮ್ಮಗಳು ನಮ್ಮ ಹಳ್ಳಿಯ ಮನೆಯ ಚಿತ್ರವನ್ನು ಬರೆದು ತೋರಿಸಿದಳು. ಆ ಮನೆಯನ್ನು ಅವಳು ಕಂಡವಳಲ್ಲ. ತಾಯಿಯ ಬಾಯಿಂದ ಕೇಳಿದ್ದಷ್ಟೇ. ಜಗಲಿ, ತುಳಸಿಕಟ್ಟೆ ಸರಿಯಾಗಿದ್ದವು. ಆದರೆ ಬಾವಿ ಮನೆಯ ಮುಂದಿತ್ತು, ಮಾಡಿನ ಮೇಲೆ ಅವಳ ಊರಿನ ಮನೆಗಳಂತೆ ಹೊಗೆಗೊಳವೆಯೂ ಇತ್ತು. “ಬಾವಿ ಇದ್ದದ್ದು ಹಿತ್ತಿಲಲ್ಲಿ, ಹೊಗೆಗೊಳವೆ ಇರಲೇ ಇಲ್ಲ” ಎಂದು ತಿದ್ದಿದೆ. ಮಗು ಮರುಮಾತಾಡದೆ ಹಾಳೆಯನ್ನು ಮಡಚಿಟ್ಟಿತು.

ಅದಾದ ಮೇಲೆ ಸಲ್ಮಾನ್ ರಶ್ದಿಯವರನ್ನು ಮತ್ತೊಮ್ಮೆ ಓದುವ ಸಂದರ್ಭ ಒದಗಿತು. 1947ರ ಜೂನ್‌ನಲ್ಲಿ ಮುಂಬಯಿಯಲ್ಲಿ ಜನಿಸಿದ ರಶ್ದಿಯವರನ್ನು 1961ರಲ್ಲಿ, ಇನ್ನೂ ಬಾಲಕನಿದ್ದಾಗಲೇ, ಇಂಗ್ಲೆಂಡಿನ ಶಾಲೆಗೆ ಕಳುಹಿಸಲಾಯಿತು. ಕೇಂಬ್ರಿಜ್‌ನಲ್ಲಿ ಅವರು ವ್ಯಾಸಂಗ ಮಾಡಿದ್ದು ಇತಿಹಾಸವನ್ನು. 1982ರ ‘ಇಮ್ಯಾಜಿನರಿ ಹೋಮ್‌ಲ್ಯಾಂಡ್ಸ್’ ಎಂಬ ಪ್ರಬಂಧದಲ್ಲಿ ಅವರು ತಾವು ಬರೆಯುವ ಕೋಣೆಯಲ್ಲಿ ತೂಗುಹಾಕಿದ್ದ, ತಮ್ಮ ಬಾಲ್ಯದ ಮುಂಬಯಿ ಮನೆಯ ಒಂದು ಕಪ್ಪು-ಬಿಳುಪು ಭಾವಚಿತ್ರದ ವಿಷಯ ಹೇಳುತ್ತಾರೆ. ಅದು 1946ರದು, ಅವರಿನ್ನೂ ಹುಟ್ಟಿರಲಿಲ್ಲ. ಎಷ್ಟೋ ವರ್ಷಗಳ ಬಳಿಕ ಆ ಮನೆಯೆದುರು ನಿಂತು ಹೆಂಚಿನ ಕೆಂಪನ್ನು ಕಂಡಾಗ, ತಮ್ಮ ಬಾಲ್ಯವೆಲ್ಲ ಮನಸ್ಸಿನಲ್ಲಿ ಕಪ್ಪು-ಬಿಳುಪಾಗಿಬಿಟ್ಟಿತ್ತೆಂಬುದು ಅವರಿಗೆ ಅರಿವಾಯಿತು. ಬಿಟ್ಟುಬಂದ ಊರನ್ನು ಇದ್ದಂತೆಯೇ ಮರಳಿ ಪಡೆಯಲಾಗದು, ಕಲ್ಪನೆಯಲ್ಲಿ ಬೇರೊಂದನ್ನು ಕಟ್ಟಿಕೊಳ್ಳಬಹುದು ಎಂಬುದು ಆ ಪ್ರಬಂಧದ ಸಾರ.

ಹಾಗೆ ಕಟ್ಟಿದ್ದೇ 1981ರಲ್ಲಿ ಬುಕರ್ ಪ್ರಶಸ್ತಿ ಪಡೆದ ‘ಮಿಡ್‌ನೈಟ್ಸ್ ಚಿಲ್ಡ್ರನ್’. ಅದರ ಕಥಾನಾಯಕ ಸಲೀಂ ಹೇಳುವ ಚರಿತ್ರೆಯಲ್ಲಿ ತಪ್ಪುಗಳಿವೆ. ಗಣಪತಿಯು ವ್ಯಾಸರ ಮಹಾಭಾರತವನ್ನು ಬರೆದುಕೊಂಡನೆಂದು ನಮ್ಮಲ್ಲಿ ಮಕ್ಕಳಿಗೂ ಗೊತ್ತು. ಸಲೀಂ ಅದನ್ನು ವಾಲ್ಮೀಕಿಯ ರಾಮಾಯಣವೆನ್ನುತ್ತಾನೆ. ಗಾಂಧೀಜಿಯವರ ಹತ್ಯೆಯನ್ನೂ ತಪ್ಪು ಕಾಲಕ್ಕೆ ಸೇರಿಸುತ್ತಾನೆ. ತಪ್ಪೆಂದು ತಿಳಿದ ಮೇಲೂ ತಿದ್ದಲೊಪ್ಪುವುದಿಲ್ಲ. ಮೊದಲ ಓದಿನಲ್ಲಿ ಇದು ನನಗೆ ಉಡಾಫೆಯೆನಿಸಿತ್ತು. 1948ರ ಜನವರಿ 30ನ್ನು ತಪ್ಪಾಗಿ ಬರೆದ ವಿದ್ಯಾರ್ಥಿಗೆ ನಾನು ಎಂದಾದರೂ ಅಂಕ ಕೊಟ್ಟದ್ದುಂಟೇ? ಆದರೆ ನೆನಪು ತಪ್ಪುತ್ತದೆ, ಆ ತಪ್ಪನ್ನೇ ಹಿಡಿದು ಮನುಷ್ಯ ಬದುಕುತ್ತಾನೆ ಎಂಬುದನ್ನು ತೋರಿಸಲೆಂದೇ ಲೇಖಕರು ಅವನ್ನು ಉಳಿಸಿಕೊಂಡರೆಂಬುದು ತಡವಾಗಿ ಹೊಳೆಯಿತು.

ಇದಕ್ಕೆ ಇನ್ನೊಂದು ಮುಖವೂ ಉಂಟು. ಬ್ರಿಟಿಷ್ ಸಾಮ್ರಾಜ್ಯದಲ್ಲಿ ಗುಲಾಮಗಿರಿ ರದ್ದಾದ ಬಳಿಕ ಕಬ್ಬಿನ ತೋಟಗಳಿಗೆ ಆಳುಗಳು ಬೇಕಾದರು. 1845ರ ಮೇ 30ರಂದು ‘ಫತೇಲ್ ರಜಾಕ್’ ಎಂಬ ಹಡಗು ಇನ್ನೂರಕ್ಕೂ ಹೆಚ್ಚು ಭಾರತೀಯ ಕರಾರು ಕೂಲಿಗಳನ್ನು ಟ್ರಿನಿಡಾಡಿಗೆ ತಲುಪಿಸಿತು. 1917ರವರೆಗೆ ಹೀಗೆ ಹೋದವರು ಸುಮಾರು 1,44,000. ಅಂಥ ವಲಸಿಗರ ಕುಲದಲ್ಲಿ 1932ರಲ್ಲಿ ಹುಟ್ಟಿದವರು ವಿ. ಎಸ್. ನೈಪಾಲ್. ಅಜ್ಜಿಯ ಮನೆಯ ಹಗ್ಗದ ಮಂಚ, ಹಿತ್ತಾಳೆಯ ಪಾತ್ರೆ, ದೇವರ ಪಟಗಳೇ ಅವರ ಪಾಲಿನ ಭಾರತ. 1962ರಲ್ಲಿ ಇಲ್ಲಿಗೆ ಬಂದು ಪೂರ್ವಜರ ಹಳ್ಳಿಯನ್ನು ಕಂಡಾಗ ಆ ಕಲ್ಪನೆ ನಿಲ್ಲಲಿಲ್ಲ, ಅಸಹನೆಯಿಂದ ಹೊರಟುಹೋದರು. 1964ರ ‘ಆನ್ ಏರಿಯಾ ಆಫ್ ಡಾರ್ಕ್‌ನೆಸ್’ ಆ ನಿರಾಶೆಯ ದಾಖಲೆ. ಮನಸ್ಸಿನ ಊರನ್ನು ನೆಲದ ಊರಿನಿಂದ ಅಳೆದರೆ ಎರಡಕ್ಕೂ ಅನ್ಯಾಯವಾದೀತು ಎಂಬ ಪಾಠವನ್ನು ನಾನು ಅದರಿಂದ ಕಲಿತೆ. ಆ ಹಳ್ಳಿಯವರಿಗೆ ಅವರದೇ ಬದುಕಿತ್ತು. ಟ್ರಿನಿಡಾಡಿನ ಅಜ್ಜಿಯ ಮನೆಗೂ ಅದರದೇ ಸತ್ಯವಿತ್ತು.

ಇತಿಹಾಸಕ್ಕೆ ಇಸವಿ ಬೇಕು, ದಾಖಲೆ ಬೇಕು. ಆ ಮಾತಿನಲ್ಲಿ ನಾನು ಇಂದಿಗೂ ಕಠಿಣನೇ. ಆದರೆ ಮಗು ತಂದದ್ದು ಉತ್ತರಪತ್ರಿಕೆಯಾಗಿರಲಿಲ್ಲ. ನಮ್ಮ ಹಳ್ಳಿಯ ಮನೆ ಪಾಲಾಗಿ, ಮಾರಾಟವಾಗಿ, ಹನ್ನೆರಡು ವರ್ಷಗಳ ಹಿಂದೆಯೇ ನೆಲಸಮವಾಯಿತು. ನಾನು ಸಹಿ ಹಾಕಿ ಬಿಟ್ಟುಕೊಟ್ಟ ಮನೆಯನ್ನು ಕಾಣದ ಮಗುವೊಂದು ಮತ್ತೆ ಕಟ್ಟಿತ್ತು. ನಾನು ಅದರಲ್ಲಿ ತಪ್ಪು ಹುಡುಕಿದೆ.

ಮೊನ್ನೆ ದೂರವಾಣಿಯಲ್ಲಿ ಆ ಚಿತ್ರವನ್ನು ಇನ್ನೊಮ್ಮೆ ಬರೆದು ಕಳುಹಿಸೆಂದು ಕೇಳಿಕೊಂಡೆ. “ಅಜ್ಜ, ಬಾವಿ ಎಲ್ಲಿ ಹಾಕಲಿ?” ಎಂದಳು. “ನಿನಗೆ ಎಲ್ಲಿ ಕಾಣುತ್ತದೋ ಅಲ್ಲೇ ಹಾಕು, ಹೊಗೆಗೊಳವೆಯೂ ಇರಲಿ” ಎಂದೆ.

ದೂರದ ಊರುಗಳಲ್ಲಿ ನೆಲೆಸಿರುವ ನನ್ನ ವಿದ್ಯಾರ್ಥಿಗಳೇ, ನಿಮ್ಮ ಮಕ್ಕಳಿಗೆ ನಿಮ್ಮ ಊರಿನ ಕಥೆಯನ್ನು ಹೇಳಿರಿ. ಅವರು ಅದನ್ನು ತಪ್ಪಾಗಿ ಮರಳಿ ಹೇಳಿದರೆ ಒಂದು ಸಲ ಸುಮ್ಮನೆ ಕೇಳಿಸಿಕೊಳ್ಳಿರಿ.