ಒಣಮೇವಿನ ಅಭಾವದಲ್ಲಿ ಕುರಿ–ಆಡುಗಳ ಪೋಷಣೆ: ಭಟ್ಕಳ, ಹೊನ್ನಾವರ, ಕುಮಟಾ

ಉತ್ತರ ಕನ್ನಡದ ಕರಾವಳಿ ತಾಲ್ಲೂಕುಗಳಾದ ಭಟ್ಕಳ, ಹೊನ್ನಾವರ ಮತ್ತು ಕುಮಟಾಗಳಲ್ಲಿ ಒಣಮೇವಿನ ಕೊರತೆ ಹೆಚ್ಚು ಕಾಡುವುದು ಬಯಲುಸೀಮೆಯಂತೆ ಬರಗಾಲದಲ್ಲಲ್ಲ, ಮಳೆಗಾಲದಲ್ಲಿ. ವರ್ಷಕ್ಕೆ 3,000 ಮಿಲಿಮೀಟರಿಗೂ ಮೀರಿ ಬೀಳುವ ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೇ ಸುರಿಯುವುದರಿಂದ ಹಸಿರಿಗೆ ಬರವಿಲ್ಲ. ಆದರೆ ಎಳೆಹುಲ್ಲಿನಲ್ಲಿ ಶೇಕಡ 80ರಷ್ಟು ನೀರೇ ಇದ್ದು, 30 ಕಿಲೋ ತೂಗುವ ಕುರಿಗೆ ದಿನಕ್ಕೆ ಬೇಕಾದ ಸುಮಾರು ಒಂದು ಕಿಲೋ ಶುಷ್ಕಾಂಶ, ಅಂದರೆ ನೀರು ಕಳೆದು ಉಳಿಯುವ ಮೇವು, ದೊರೆಯಬೇಕಾದರೆ ಅದು ಐದು ಕಿಲೋ ಹುಲ್ಲನ್ನು ಮೇಯಬೇಕಾಗುತ್ತದೆ. ಬಿಡದೆ ಮಳೆ ಹೊಯ್ಯುವ ದಿನ ಇದು ಆಗದ ಮಾತು. ಜೊತೆಗೆ ಕೆಸರುನೆಲದಲ್ಲಿ ಗೊರಸು ಕೊಳೆಯುತ್ತದೆ, ಯಕೃತ್ತಿನ ಹುಳುವಿನ ಬಾಧೆಯೂ ಉಂಟು. ಇಲ್ಲಿ ಕುರಿಗಿಂತ ಆಡಿನ ಸಾಕಣೆಯೇ ರೂಢಿಯಾಗಿರುವುದಕ್ಕೆ ಇದೂ ಒಂದು ಕಾರಣ.

ಒಣಮೇವಿನ ಹಳೆಯ ಮೂಲಗಳು ಎರಡು: ಗದ್ದೆಯ ಬೈಹುಲ್ಲು, ಮತ್ತು ಬೇಣ ಎಂದು ಕರೆಯುವ ಹುಲ್ಲುಗಾವಲಿನಲ್ಲಿ ಮಳೆ ನಿಂತ ಮೇಲೆ ಕೊಯ್ದು ಒಣಗಿಸುವ ಕರಡ. ಬೇಣಗಳಲ್ಲಿ ಹಲವು ಅಕೇಶಿಯಾ ನೆಡುತೋಪುಗಳಾಗಿವೆ. ಅಘನಾಶಿನಿ ಅಳಿವೆಯ ಗಜನಿ ಭೂಮಿಯಲ್ಲಿ, ಅಂದರೆ ಉಪ್ಪುನೀರು ನುಗ್ಗುವ ತಗ್ಗುಗದ್ದೆಗಳಲ್ಲಿ, ಬೆಳೆಯುವ ಕಗ್ಗ ಭತ್ತದ ತೆನೆಯನ್ನಷ್ಟೇ ಕೊಯ್ದು ದಂಟನ್ನು ನೀರಿನಲ್ಲೇ ಕೊಳೆಯಲು ಬಿಡುವ ಪದ್ಧತಿಯಿದ್ದು, ಆ ಹುಲ್ಲು ಸೀಗಡಿ–ಮೀನುಗಳ ಪಾಲಾಗುತ್ತದೆಯೇ ಹೊರತು ಕೊಟ್ಟಿಗೆಗೆ ಬರುವುದಿಲ್ಲ. ಉಳಿದದ್ದು ಘಟ್ಟದ ಮೇಲಿನಿಂದ ಲಾರಿಯಲ್ಲಿ ಇಳಿಯುವ ಹುಲ್ಲು. ಸಾಗಣೆಯ ವೆಚ್ಚ ಅದರ ಬೆಲೆಗೆ ಸೇರುತ್ತದೆ, ದಾರಿಯಲ್ಲಿ ನೆನೆದರೆ ಬೂಷ್ಟು ಹಿಡಿಯುತ್ತದೆ.

ಹೀಗಿರುವಾಗ ಬೈಹುಲ್ಲಿನಿಂದಲೇ ಹೊಟ್ಟೆ ತುಂಬಿಸುವ ಬದಲು ಮೆಲುಕು ಹಾಕಲು ಬೇಕಾದಷ್ಟು ನಾರಿಗೆ ಅದನ್ನು ಮೀಸಲಿಟ್ಟು, ಪೋಷಣೆಯನ್ನು ಸೊಪ್ಪಿನಿಂದ ಒದಗಿಸುವುದು ಲೇಸು. ಬೈಹುಲ್ಲಿನ ಸಸಾರಜನಕ, ಅಂದರೆ ಪ್ರೋಟೀನು, ಶೇಕಡ 3–4ರಷ್ಟೇ. ಹಲಸು, ಗ್ಲಿರಿಸಿಡಿಯಾ, ಹಾಲವಾಣಗಳ ಸೊಪ್ಪಿನಲ್ಲಿ ಅದು ಹಲವು ಪಟ್ಟು ಹೆಚ್ಚು. ಕೊಂಬೆಯನ್ನು ನೆಲಕ್ಕೆ ಹಾಕಿದರೆ ಅರ್ಧ ತುಳಿತಕ್ಕೆ ಹೋಗುವುದರಿಂದ ಹಲಸಿನ ಟೊಂಗೆಯನ್ನು ಬಾಯಿಗೆ ಎಟಕುವ ಎತ್ತರಕ್ಕೆ ಕಟ್ಟಿ ತೂಗಹಾಕುತ್ತಾರೆ. ಆಡು ಎಲೆಯನ್ನೆಲ್ಲ ಬಿಡಿಸಿಕೊಂಡು ತೊಟ್ಟು, ಕಡ್ಡಿಗಳನ್ನು ಉಳಿಸುತ್ತದೆ. ಕುಮಟಾದ ಮರಳುಮಿಶ್ರಿತ ಗದ್ದೆಗಳಲ್ಲಿ ಭತ್ತದ ನಂತರ ಬೆಳೆಯುವ ಶೇಂಗಾದ ಬಳ್ಳಿಯನ್ನು ಬೇಸಿಗೆಯಲ್ಲೇ ಒಣಗಿಸಿ ಅಟ್ಟಕ್ಕೇರಿಸಿದರೆ ಬೈಹುಲ್ಲಿಗಿಂತ ಉತ್ತಮ ದಾಸ್ತಾನು ಆಗುತ್ತದೆ. ನೂರು ಕಿಲೋ ಬೈಹುಲ್ಲಿಗೆ ನಾಲ್ಕು ಕಿಲೋ ಯೂರಿಯಾವನ್ನು ಐವತ್ತು–ಅರವತ್ತು ಲೀಟರ್ ನೀರಿನಲ್ಲಿ ಕರಗಿಸಿ ಚಿಮುಕಿಸಿ, ಗಾಳಿಯಾಡದಂತೆ 21 ದಿನ ಮುಚ್ಚಿಡುವ ಉಪಚಾರವನ್ನೂ ಪಶುವೈದ್ಯಶಾಸ್ತ್ರ ಹೇಳುತ್ತದೆ. ಆರು ತಿಂಗಳೊಳಗಿನ ಮರಿಗಳಿಗೆ ಇದು ಸಲ್ಲದು. ಮೇವು ಸಾಲದಾದಾಗ ಮೊದಲ ಪಾಲು ಗರ್ಭದ ಕೊನೆಯ ಆರು ವಾರದಲ್ಲಿರುವ ಕುರಿಗೆ ಸಲ್ಲಬೇಕು, ಏಕೆಂದರೆ ಮರಿಯ ತೂಕದ ಹೆಚ್ಚಿನ ಭಾಗ ಕೂಡುವುದು ಆ ಅವಧಿಯಲ್ಲೇ.

2023ರಿಂದ 2025ರವರೆಗೆ ಬಕ್ರೀದ್ ಜೂನ್ ತಿಂಗಳಲ್ಲೇ ಬಂದುದರಿಂದ, ಹಬ್ಬಕ್ಕೆಂದು ತಂದ ಟಗರುಗಳನ್ನು ಮಳೆಯ ಆರಂಭದಲ್ಲಿ ಮನೆಯ ಬಳಿ ಕಟ್ಟಿ ಸಾಕಬೇಕಾಯಿತು. ಇಂಥ ಸಂದರ್ಭದಲ್ಲಿ ಹುಲ್ಲಿನ ಬದಲು ಅನ್ನವನ್ನೋ ಅಕ್ಕಿಯನ್ನೋ ಒಮ್ಮೆಲೇ ಸುರಿದರೆ ಹೊಟ್ಟೆಯಲ್ಲಿ ಆಮ್ಲ ಹೆಚ್ಚಿ ಒಂದೆರಡು ದಿನದಲ್ಲಿ ಪ್ರಾಣಿ ಸಾಯಬಹುದು. ಧಾನ್ಯ, ತೌಡು, ತೆಂಗಿನ ಹಿಂಡಿಗಳನ್ನು ವಾರವೆರಡು ವಾರದಲ್ಲಿ ಹಂತಹಂತವಾಗಿ ರೂಢಿ ಮಾಡಿಸಬೇಕು. ಹಸಿದ ಹಿಂಡು ಬೇಲಿಯ ಲಂಟಾನಾಕ್ಕೆ ಬಾಯಿ ಹಾಕಿದರೆ ಯಕೃತ್ತು ಕೆಡುತ್ತದೆ. ಹಸುವಿಗೆಂದು ತಯಾರಿಸಿದ ಖನಿಜ ಮಿಶ್ರಣದಲ್ಲಿರುವ ತಾಮ್ರವನ್ನು ಕುರಿಯ ದೇಹ ಸುಲಭವಾಗಿ ಹೊರಹಾಕಲಾರದಾದ ಕಾರಣ, ಕೊಟ್ಟಿಗೆಯಲ್ಲಿ ಎರಡೂ ಇದ್ದರೆ ಬಾನಿಗಳನ್ನು ಬೇರೆಬೇರೆಯಾಗಿಯೇ ಇಡಬೇಕು.