ಹೊಲಕ್ಕೂ ರಸ್ತೆಗೂ ಒಂದೇ ಯಂತ್ರ: ವೇಗದ ಟ್ರ್ಯಾಕ್ಟರಿನ ಇತಿಹಾಸ

ಬೆಳಿಗ್ಗೆ ನೇಗಿಲಿಗೆ ಹೂಡಿದ ಎತ್ತುಗಳನ್ನೇ ನಮ್ಮ ಹಿರಿಯರು ಸಂಜೆ ಗಾಡಿಗೂ ಕಟ್ಟುತ್ತಿದ್ದರು. ಎತ್ತಿನ ಸ್ಥಾನಕ್ಕೆ ಟ್ರ್ಯಾಕ್ಟರು ಬಂದಾಗ ರೈತನು ಅದರಿಂದಲೂ ಎರಡು ಬಗೆಯ ದುಡಿಮೆಯನ್ನು ನಿರೀಕ್ಷಿಸಿದ್ದು ಸಹಜವೇ. "ಸಾರ್, ಉಳುಮೆಗೂ ಆಗಬೇಕು, ರಸ್ತೆಯ ಮೇಲೆ ವೇಗವಾಗಿ ಕಬ್ಬನ್ನೂ ಸಾಗಿಸಬೇಕು, ಎಂಥದನ್ನು ಕೊಳ್ಳಲಿ?" ಎಂದು ಹಳೆಯ ಶಿಷ್ಯನೊಬ್ಬ ಈಚೆಗೆ ಕೇಳಿದ. ನಾನು ಪಾಠ ಹೇಳಿದವನೇ ಹೊರತು ಟ್ರ್ಯಾಕ್ಟರು ಮಾರಿದವನಲ್ಲ. ಆದರೆ ಈ ಪ್ರಶ್ನೆಗೆ ಸುಮಾರು ತೊಂಬತ್ತು ವರ್ಷಗಳ ಇತಿಹಾಸವಿದೆ. ಅದನ್ನು ತಿಳಿದರೆ ಉತ್ತರವೂ ಅದರೊಳಗೇ ಸಿಗುತ್ತದೆ.

ಮೊದಲ ಟ್ರ್ಯಾಕ್ಟರುಗಳಿಗೆ ಹಲ್ಲುಗಳಿದ್ದ ಕಬ್ಬಿಣದ ಚಕ್ರಗಳಿದ್ದವು. ಅವು ಮಣ್ಣನ್ನು ಕಚ್ಚಿ ಹಿಡಿಯುತ್ತಿದ್ದವು, ಆದರೆ ರಸ್ತೆಗಿಳಿದರೆ ರಸ್ತೆಯೇ ಹಾಳಾಗುತ್ತಿತ್ತು. 1932ರಲ್ಲಿ ಅಮೆರಿಕದ ಅಲಿಸ್-ಚಾಮರ್ಸ್ ಕಂಪನಿಯು ತನ್ನ 'ಮಾಡೆಲ್ ಯು' ಟ್ರ್ಯಾಕ್ಟರಿಗೆ ಗಾಳಿ ತುಂಬಿದ ರಬ್ಬರ್ ಟಯರುಗಳನ್ನು ತೊಡಿಸಿ ಮಾರಾಟಕ್ಕೆ ತಂದಿತು. ರೈತರಿಗೆ ನಂಬಿಕೆ ಹುಟ್ಟಿಸಲು ಕಾರುಪಂದ್ಯಗಳ ಚಾಲಕರಿಂದ ಅದನ್ನು ಓಡಿಸಿತು. 1933ರಲ್ಲಿ ಬಾರ್ನಿ ಓಲ್ಡ್‌ಫೀಲ್ಡ್ ಎಂಬ ಹೆಸರಾಂತ ಚಾಲಕ ಅದನ್ನು ಗಂಟೆಗೆ 100 ಕಿಲೋಮೀಟರಿಗೂ ಮಿಕ್ಕ ವೇಗದಲ್ಲಿ ಓಡಿಸಿ ತೋರಿಸಿದ.

ಐದು ವರ್ಷಗಳ ಬಳಿಕ, 1938ರಲ್ಲಿ, ಮಿನಿಯಾಪೊಲಿಸ್-ಮೊಲೀನ್ ಕಂಪನಿಯು ಇನ್ನೂ ಮುಂದೆ ಹೋಗಿ 'ಕಂಫರ್ಟ್ರ್ಯಾಕ್ಟರ್' ಎಂಬ ಯಂತ್ರವನ್ನು ಹೊರತಂದಿತು. ಅದಕ್ಕೆ ಕಾರಿನಂಥ ಮುಚ್ಚಿದ ಕ್ಯಾಬಿನ್ನು, ಗಂಟೆಗೆ ಸುಮಾರು 64 ಕಿಲೋಮೀಟರ್ ವೇಗ. ಹಗಲು ಹೊಲ ಉತ್ತು, ಸಂಜೆ ಅದರಲ್ಲೇ ಪೇಟೆಗೆ ಹೋಗಿಬರಬಹುದೆಂಬುದು ಅವರ ಕಲ್ಪನೆ. ಆದರೆ ಬೆಲೆ 2,000 ಡಾಲರಿಗೂ ಹೆಚ್ಚು. ತಯಾರಾದದ್ದು ಸುಮಾರು 150 ಮಾತ್ರ. ಉಡುಪು ಕಾರಿನದಾದರೂ ಒಳಗಿದ್ದುದು ಟ್ರ್ಯಾಕ್ಟರೇ.

ಒಂದೇ ಯಂತ್ರದಲ್ಲಿ ಎರಡು ಗುಣಗಳನ್ನು ಕೂಡಿಸುವುದು ಏಕಿಷ್ಟು ಕಷ್ಟ? ಸಾಮಾನ್ಯ ಟ್ರ್ಯಾಕ್ಟರಿನ ಹಿಂದಿನ ಅಚ್ಚಿಗೆ ಸ್ಪ್ರಿಂಗುಗಳಿಲ್ಲ. ಅಚ್ಚು ನೇರವಾಗಿ ಒಡಲಿಗೇ ಬೆಸೆದಿರುತ್ತದೆ. ಸ್ಪ್ರಿಂಗಿದ್ದರೆ ಒಡಲು ಏರಿಳಿದು ನೇಗಿಲಿನ ಆಳವೂ ಏರುಪೇರಾಗುತ್ತದೆ. ಹೊಲದಲ್ಲಿ ಗುಣವಾದ ಈ ಗಡಸುತನವೇ ರಸ್ತೆಯಲ್ಲಿ ದೋಷವಾಗುತ್ತದೆ: ವೇಗ ಹೆಚ್ಚಿದಂತೆ ಯಂತ್ರ ಪುಟಿಯತೊಡಗುತ್ತದೆ, ಹಿಡಿತ ತಪ್ಪುತ್ತದೆ. ಇನ್ನು ಬ್ರೇಕಿನ ಮಾತು. ಚಲಿಸುವ ವಸ್ತುವಿನ ಶಕ್ತಿಯು ವೇಗದ ವರ್ಗಕ್ಕೆ ಅನುಗುಣವಾಗಿರುತ್ತದೆಂದು ಓದಿದ್ದು ನಿಮಗೆ ನೆನಪಿರಬಹುದು. ಗಂಟೆಗೆ 20 ಕಿಲೋಮೀಟರಿನಿಂದ 40ಕ್ಕೆ ಏರಿದರೆ ವೇಗ ಎರಡರಷ್ಟಾಗುತ್ತದೆ. ನಿಲ್ಲಿಸಲು ಬ್ರೇಕು ನುಂಗಬೇಕಾದ ಶಕ್ತಿ ನಾಲ್ಕರಷ್ಟು. ವೇಗ ಕೊಡಲು ಒಂದು ಹೆಚ್ಚಿನ ಗೇರು ಸಾಕು; ನಿಲ್ಲಿಸಲು ಇಡೀ ಯಂತ್ರವನ್ನೇ ಹೊಸದಾಗಿ ರೂಪಿಸಬೇಕು.

ಹಾಗೆ ರೂಪಿಸಿದವರಲ್ಲಿ ಪ್ರಮುಖ ಜರ್ಮನಿಯ ಆಲ್ಬರ್ಟ್ ಫ್ರೀಡ್ರಿಶ್. ಎರಡನೆಯ ಮಹಾಯುದ್ಧ ಮುಗಿದ ಕಾಲದಲ್ಲಿ ಅವನು ಯೋಜಿಸಿದ 'ಯೂನಿಮಾಗ್' 1948ರಲ್ಲಿ ತಯಾರಿಕೆಗೆ ಬಂತು. ನಾಲ್ಕೂ ಸಮ ಗಾತ್ರದ ಚಕ್ರಗಳು, ಎರಡೂ ಅಚ್ಚುಗಳಿಗೆ ಸ್ಪ್ರಿಂಗು, ಬೆನ್ನ ಮೇಲೆ ಹೇರಿಗೆ ಜಾಗ, ಗಂಟೆಗೆ ಸುಮಾರು 50 ಕಿಲೋಮೀಟರ್ ವೇಗ. ಚಕ್ರಗಳ ನಡುವಣ ಅಂತರ 1270 ಮಿಲಿಮೀಟರ್, ಅಂದರೆ ಆಲೂಗಡ್ಡೆಯ ಎರಡು ಸಾಲುಗಳಷ್ಟು! ರೈತನಿಗಾಗಿ ಹುಟ್ಟಿದ ಈ ಯಂತ್ರವನ್ನು ಮುಂದೆ ಸೈನ್ಯ, ಅಗ್ನಿಶಾಮಕ ದಳ, ನಗರಸಭೆಗಳು ಅಪ್ಪಿಕೊಂಡವು. ಅದೇ ಮನೆತನದ, ಹೊಲಕ್ಕೆ ಇನ್ನಷ್ಟು ಒಗ್ಗಿದ 'ಎಂಬಿ-ಟ್ರ್ಯಾಕ್' 1973ರಿಂದ 1991ರವರೆಗೆ ತಯಾರಾಯಿತು.

ಅದು ನಿಂತ 1991ರಲ್ಲೇ ಇಂಗ್ಲೆಂಡಿನ ಜೆಸಿಬಿ ಕಂಪನಿಯ 'ಫಾಸ್ಟ್ರ್ಯಾಕ್' ಮಾರುಕಟ್ಟೆಗೆ ಬಂದದ್ದು ಒಂದು ಸ್ವಾರಸ್ಯ. ಮುಂದೆ ಹಿಂದೆ ಎರಡೂ ಕಡೆ ಸ್ಪ್ರಿಂಗಿನ ಏರ್ಪಾಡು, ನಾಲ್ಕೂ ಚಕ್ರಗಳಿಗೆ ಡಿಸ್ಕ್ ಬ್ರೇಕು. ಹಿಂಬದಿಗೆ ಭಾರ ಬಿದ್ದರೂ ಒಡಲಿನ ಎತ್ತರವನ್ನು ತಾನೇ ಸರಿಪಡಿಸಿಕೊಳ್ಳುವ ವ್ಯವಸ್ಥೆಯಿಂದಾಗಿ ನೇಗಿಲಿನ ಹಳೆಯ ತೊಡಕಿಗೂ ಪರಿಹಾರ ದೊರೆಯಿತು. 2019ರಲ್ಲಿ ವಿಶೇಷವಾಗಿ ಮಾರ್ಪಡಿಸಿದ ಒಂದು ಫಾಸ್ಟ್ರ್ಯಾಕನ್ನು ಗೈ ಮಾರ್ಟಿನ್ ಎಂಬ ಚಾಲಕ ಗಂಟೆಗೆ 217 ಕಿಲೋಮೀಟರಿಗೂ ಹೆಚ್ಚಿನ ವೇಗದಲ್ಲಿ ಓಡಿಸಿ ವಿಶ್ವದಾಖಲೆ ಮಾಡಿದ. ಅದು ಸಾಹಸ, ರೈತನಿಗೆ ಬೇಕಾದದ್ದು ಅದರ ಸ್ಪ್ರಿಂಗು ಮತ್ತು ಬ್ರೇಕು.

ಈಗ ನಮ್ಮ ಊರಿನ ಮಾತಿಗೆ ಬರೋಣ. ಮಂಡ್ಯ, ಬೆಳಗಾವಿ ಸೀಮೆಗಳಲ್ಲಿ ಕಬ್ಬು ಸಾಗಿಸುವ ಟ್ರ್ಯಾಕ್ಟರುಗಳು ಬಹುಮಟ್ಟಿಗೆ ಹಿಂದಿನ ಅಚ್ಚಿಗೆ ಸ್ಪ್ರಿಂಗಿಲ್ಲದ ಹಳೆಯ ವಿನ್ಯಾಸದವೇ. ಅವುಗಳ ಹಿಂದೆ ಎರಡೆರಡು ಟ್ರೇಲರುಗಳು. ಎಷ್ಟೋ ಟ್ರೇಲರುಗಳಿಗೆ ಸ್ವಂತ ಬ್ರೇಕೇ ಇಲ್ಲ. ಇಳಿಜಾರಿನಲ್ಲಿ ಅಷ್ಟೂ ಹೇರು ಟ್ರ್ಯಾಕ್ಟರನ್ನೇ ಮುಂದಕ್ಕೆ ನೂಕುತ್ತದೆ. ಆದ್ದರಿಂದ ಶಿಷ್ಯನಿಗೆ ನಾನು ಹೇಳಿದ್ದಿಷ್ಟು: ಮೊದಲು ವರ್ಷದಲ್ಲಿ ಹೊಲದ ಗಂಟೆಗಳೆಷ್ಟು, ರಸ್ತೆಯ ಗಂಟೆಗಳೆಷ್ಟು ಎಂದು ಬರೆದಿಡು. ರಸ್ತೆಯ ದುಡಿಮೆಯೇ ಹೆಚ್ಚಾದರೆ ಅದಕ್ಕೆ ಲಾರಿಯೇ ಮೇಲಲ್ಲವೇ ಎಂದು ಲೆಕ್ಕ ಹಾಕು. ಟ್ರ್ಯಾಕ್ಟರನ್ನೇ ಕೊಳ್ಳುವುದಾದರೆ ಅಶ್ವಶಕ್ತಿಗಿಂತ ಮೊದಲು ಅದರ ತೂಕವನ್ನೂ ಬ್ರೇಕನ್ನೂ ವಿಚಾರಿಸು. ಎಣ್ಣೆಯಲ್ಲಿ ಮುಳುಗಿರುವ ಬ್ರೇಕು ಧೂಳು ಕೆಸರುಗಳಿಂದ ಕೆಡುವುದು ಕಡಿಮೆ. ಟ್ರೇಲರಿಗೆ ಬ್ರೇಕು ಹಾಕಿಸಲು, ಹಿಂಬದಿಗೆ ಪ್ರತಿಫಲಕ ಅಂಟಿಸಲು ಹಣ ಉಳಿಸಿಕೋ.

ಮನೆಯಲ್ಲಿ ಟ್ರ್ಯಾಕ್ಟರಿರುವ ಎಲ್ಲರಿಗೂ ಇನ್ನೊಂದು ಮಾತು. ಅದಕ್ಕೆ ಎಡಚಕ್ರಕ್ಕೊಂದು, ಬಲಚಕ್ರಕ್ಕೊಂದು ಎಂದು ಎರಡು ಬ್ರೇಕ್ ಪೆಡಲುಗಳಿರುತ್ತವೆ. ಹೊಲದ ಬದುವಿನಲ್ಲಿ ಥಟ್ಟನೆ ತಿರುಗಿಸಲು ಅದು ಅನುಕೂಲ. ರಸ್ತೆಯಲ್ಲಿ ಒಂದನ್ನು ಮಾತ್ರ ತುಳಿದರೆ ಗಾಡಿ ಒಂದೇ ಪಕ್ಕಕ್ಕೆ ಎಳೆದು ಮಗುಚಬಹುದು. ಎರಡನ್ನೂ ಜೋಡಿಸುವ ಕೊಂಡಿ ಅಲ್ಲೇ ಇರುತ್ತದೆ. ಹೊಲದಿಂದ ರಸ್ತೆಗೆ ಏರುವ ಮುನ್ನ ಅದನ್ನು ಹಾಕಬೇಕೆಂದು ಈ ಸಲ ಕಬ್ಬು ಕಡಿಯುವ ಮೊದಲೇ ನಿಮ್ಮ ಚಾಲಕರಿಗೆ ತಿಳಿಸಿಹೇಳಿ.