213ರಿಂದ ನಂಬರ್ ಒನ್‌ವರೆಗೆ: ರೋಹನ್ ಬೋಪಣ್ಣ ಹಿಡಿದ ದಾರಿ

ಮುಂಬೈನ ಜೋಗೇಶ್ವರಿಯಿಂದ ಮಾತಾಡ್ತಿದ್ದೀನಿ. ಇಲ್ಲಿ ನಾಲ್ಕು ಜನ ಕನ್ನಡದ ಐಟಿಯವರು ಸೇರಿದ್ರೆ ಒಂದು ಪ್ರಶ್ನೆ ಬಂದೇ ಬರುತ್ತೆ: ನಲವತ್ತು ದಾಟಿದ ಮೇಲೆ ನಮ್ಮನ್ನ ಯಾರು ಕೇಳ್ತಾರೆ? ಅದಕ್ಕೇ ಇವತ್ತು ರೋಹನ್ ಬೋಪಣ್ಣ ಅವರ ಚರಿತ್ರೆ.

1980ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿ, ಕೊಡಗಿನ ಕಾಫಿ ತೋಟದ ಮನೆಯಲ್ಲಿ ಬೆಳೆದವರು. ಟೆನಿಸ್ ಕಲಿಯೋಕೆ ಹದಿಹರೆಯದಲ್ಲೇ ಪುಣೆಗೆ, ನಂದನ್ ಬಾಳ್ ಅವರ ಹತ್ತಿರ ಬಂದರು. ಬಾಳ್ ಸ್ವತಃ ಡೇವಿಸ್ ಕಪ್ ಆಡಿ, ಆಮೇಲೆ ಕೋಚ್ ಆದವರು. ಭಾರತ ತಂಡಕ್ಕೂ ತರಬೇತಿ ಕೊಟ್ಟವರು. ನಾವು ಮಹಾರಾಷ್ಟ್ರಕ್ಕೆ ಬಂದಿದ್ದು ಕೆಲಸಕ್ಕೆ, ಬೋಪಣ್ಣ ಬಂದಿದ್ದು ಗುರುವನ್ನು ಹುಡುಕಿಕೊಂಡು.

2003ರಲ್ಲಿ ವೃತ್ತಿಪರ ಆಟಗಾರರಾದರು. ಸಿಂಗಲ್ಸ್‌ನಲ್ಲಿ ಅವರು ಮುಟ್ಟಿದ ಅತ್ಯುತ್ತಮ ರ‍್ಯಾಂಕ್ 213, ಅದು 2007ರಲ್ಲಿ. ಆ ರ‍್ಯಾಂಕಿಗೆ ಗ್ರ್ಯಾಂಡ್‌ಸ್ಲಾಮ್ ಮುಖ್ಯ ಸುತ್ತಿಗೆ ನೇರ ಪ್ರವೇಶ ಸಿಗಲ್ಲ. ಅವರ ಬಲ ಇದ್ದದ್ದು ಸರ್ವ್‌ನಲ್ಲಿ. ಡಬಲ್ಸ್‌ನಲ್ಲಿ ಅರ್ಧ ಅಂಕಣ ಕಾಯೋಕೆ ಜೊತೆಗಾರ ಇರ್ತಾನೆ, ಒಳ್ಳೆ ಸರ್ವ್‌ಗೆ ಬೆಲೆ ಹೆಚ್ಚು. ಅವರು ಆ ಕಡೆ ತಿರುಗಿದರು. 2010ರಲ್ಲಿ ಪಾಕಿಸ್ತಾನದ ಐಸಾಮ್ ಉಲ್ ಹಕ್ ಖುರೇಷಿ ಜೊತೆ ಯುಎಸ್ ಓಪನ್ ಫೈನಲ್, 2017ರಲ್ಲಿ ಗೇಬ್ರಿಯೆಲಾ ದಬ್ರೋವ್ಸ್ಕಿ ಜೊತೆ ಫ್ರೆಂಚ್ ಓಪನ್ ಮಿಶ್ರ ಡಬಲ್ಸ್ ಪ್ರಶಸ್ತಿ.

2021ರಲ್ಲಿ ತಿಂಗಳುಗಟ್ಟಲೆ ಒಂದು ಪಂದ್ಯವನ್ನೂ ಗೆಲ್ಲಲಿಲ್ಲ. ಮಂಡಿಯಲ್ಲಿ ಮೃದ್ವಸ್ಥಿ ಸವೆದಿತ್ತು, ಬಿಟ್ಟುಬಿಡೋ ಯೋಚನೆಯೂ ಬಂದಿತ್ತು. ಆಮೇಲೆ ಅಯ್ಯಂಗಾರ್ ಯೋಗ ಅವರ ಕೈಹಿಡಿಯಿತು. 2024ರ ಜನವರಿ 27ರಂದು ಮ್ಯಾಥ್ಯೂ ಎಬ್ಡನ್ ಜೊತೆ ಆಸ್ಟ್ರೇಲಿಯನ್ ಓಪನ್ ಗೆದ್ದರು. ಆಗ ವಯಸ್ಸು 43. ಮೊದಲ ಬಾರಿಗೆ ಡಬಲ್ಸ್ ನಂಬರ್ ಒನ್ ಆದವರಲ್ಲಿ ಅವರೇ ಅತಿ ಹಿರಿಯರು. 2025ರ ನವೆಂಬರ್ 1ರಂದು, ನಮ್ಮ ರಾಜ್ಯೋತ್ಸವದ ದಿನವೇ, ನಿವೃತ್ತಿ ಘೋಷಿಸಿದರು.

‘ವಯಸ್ಸು ಬರೀ ಸಂಖ್ಯೆ’ ಅಂತ ಈ ಕಥೆ ಮುಗಿಸೋದು ಸುಲಭ. ನನಗೆ ಹಾಗನ್ನಿಸಲ್ಲ. ಮಂಡಿ ಸವೆದದ್ದು ನಿಜ, ಸಿಂಗಲ್ಸ್ ಬಿಟ್ಟದ್ದೂ ನಿಜ. ನೋಡಬೇಕಾದ್ದು ಇನ್ನೊಂದು: ಆಟ ಮುಗಿದ ಮೇಲೆ ಏನು ಅಂತ ಅವರು ಕೊನೆಯ ದಿನದವರೆಗೆ ಕಾಯಲಿಲ್ಲ. ಇನ್ನೂ ಆಡುತ್ತಿದ್ದಾಗಲೇ ಬೆಂಗಳೂರಿನಲ್ಲಿ ತಮ್ಮ ಹೆಸರಿನ ಅಕಾಡೆಮಿ ಕಟ್ಟಿದರು. ಡಬಲ್ಸ್ ಆಡೋ ಕಿರಿಯರಿಗೆ ಬೆಂಬಲ ಕೊಡೋ ಯೋಜನೆಗೂ ಕೈಹಾಕಿದರು. ಗುರುವಿಗಾಗಿ ಒಬ್ಬ ಹುಡುಗ ಪುಣೆಗೆ ಹೋದ. ಇವತ್ತು ಕೊಡಗಿನ ಮಗುವಿಗೆ ಬೆಂಗಳೂರು ಸಾಕು.

ನಲವತ್ತರ ನಂತರದ ಕೆಲಸ ನಲವತ್ತಕ್ಕೆ ಶುರುವಾಗಲ್ಲ ಸ್ನೇಹಿತರೇ. ನಿಮ್ಮ ಟೀಮಿನ ಜೂನಿಯರ್‌ಗೆ ಈ ವಾರ ಏನು ಕಲಿಸಿದ್ರಿ? ಅಲ್ಲಿಂದಲೇ ಶುರು. ಮುಂದಿನ ಮಾತಲ್ಲಿ ಸಿಗೋಣ.